ತಪ್ಪೊಪ್ಪಿಕೊಂಡಿದ್ದಾನಂತೆ, ರೆಕಾರ್ಡಿಂಗ್ ಎಲ್ಲಿ?

‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸರು ತಿಳಿಸಿದ್ದಾರೆ.’ ಈ ವಾಕ್ಯ ಓದದೆ ನಮ್ಮ ಬೆಳಗಿನ ಕಾಫಿ ಮುಗಿಯಲ್ಲ. ಓದ್ತೀವಿ, ‘ಅಂತೂ ಸಿಕ್ಕಿಬಿದ್ದ’ ಅಂತೀವಿ, ಪುಟ ತಿರುಗಿಸ್ತೀವಿ. ಯಾವ ಕೋಣೆಯಲ್ಲಿ, ಎಷ್ಟು ಗಂಟೆಯ ನಂತರ, ಏನೇನಾದ ಮೇಲೆ ಒಪ್ಪಿಕೊಂಡ ಅಂತ ಕೇಳಲ್ಲ. ಕ್ರೆಡಿಟ್ ಕಾರ್ಡ್ ಬಿಲ್ಲಲ್ಲಿ ನೂರು ರೂಪಾಯಿ ಹೆಚ್ಚಾಗಿದೆ ಅಂತ ಫೋನ್ ಮಾಡಿದರೆ ಆ ಕರೆ ರೆಕಾರ್ಡ್ ಆಗುತ್ತೆ. ಒಬ್ಬನನ್ನು ವರ್ಷಗಟ್ಟಲೆ ಜೈಲಿಗೆ ಕಳಿಸಬಲ್ಲ ಮಾತುಕತೆ ಮಾತ್ರ ಆಗಬೇಕಿಲ್ಲ!

ಕಾನೂನು ಬಲ್ಲವರು ತಕ್ಷಣ ಹೇಳ್ತಾರೆ: ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಕೋರ್ಟಲ್ಲಿ ಬೆಲೆಯೇ ಇಲ್ವಲ್ಲ, ರೆಕಾರ್ಡ್ ಮಾಡಿ ಏನುಪಯೋಗ? ಅರ್ಧ ನಿಜ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಆ ನಿಷೇಧ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲೂ ಇದೆ. ಜೊತೆಗೆ ಹಿಂಬಾಗಿಲೂ ಇದೆ. ಕಸ್ಟಡಿಯಲ್ಲಿರುವವನ ಮಾತಿನಿಂದ ಚಾಕುವೋ ಒಡವೆಯೋ ಪತ್ತೆಯಾದರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಸಾಕ್ಷ್ಯವಾಗುತ್ತದೆ. ಆದರೆ ಅವನು ಹೇಳಿದ ಮೇಲೆ ಚಾಕು ಸಿಕ್ಕಿತಾ, ಚಾಕು ಸಿಕ್ಕ ಮೇಲೆ ಮಾತು ಹುಟ್ಟಿತಾ? ನ್ಯಾಯಾಧೀಶರ ಕೈಗೆ ಬರೋದು ಒಂದು ಪಂಚನಾಮೆ, ಇಬ್ಬರು ಪಂಚರ ಸಹಿ. ಆ ಪಂಚರು ಕಟಕಟೆಗೆ ಬಂದು, ‘ನಂಗೇನೂ ಗೊತ್ತಿಲ್ಲ ಸ್ವಾಮಿ, ಸಹಿ ಹಾಕು ಅಂದ್ರು, ಹಾಕ್ದೆ’ ಅನ್ನೋದೂ ಹೊಸದೇನಲ್ಲ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದನ್ನು ಸರಿಮಾಡಬಹುದಿತ್ತು. ಅದರ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿಗಳ ವಿಡಿಯೋ ಚಿತ್ರೀಕರಣ ಕಡ್ಡಾಯ, ಮೊಬೈಲಲ್ಲಾದರೂ ಸರಿ. ಪೊಲೀಸರು ಪಡೆಯುವ ಹೇಳಿಕೆಯ ವಿಷಯ ಬಂದಾಗ, 180ನೇ ಸೆಕ್ಷನ್‌ನಲ್ಲಿ, ‘ಮಾಡಬಹುದು’ ಅಂದು ಕೈತೊಳೆದುಕೊಂಡಿದೆ. ಬೀರು ತೆರೆಯೋಕೆ ವಿಡಿಯೋ ಬೇಕೇಬೇಕು, ಬೀರುವಿನ ಯಜಮಾನನ ಬಾಯಿ ತೆರೆಸೋಕೆ ಬೇಡ.

‘ಠಾಣೆಗಳಲ್ಲಿ ಸಿಸಿಟಿವಿ ಇದೆಯಲ್ಲ?’ 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂ ಠಾಣೆಯಲ್ಲೂ ಇತ್ತು. ಲಾಕ್‌ಡೌನಲ್ಲಿ ಅಂಗಡಿ ತೆರೆದಿಟ್ಟ ಆರೋಪದ ಮೇಲೆ ಹಿಡಿದ ತಂದೆ, ಮಗ ಇಬ್ಬರೂ ಕಸ್ಟಡಿಯಲ್ಲೇ ಸತ್ತರು. ಮ್ಯಾಜಿಸ್ಟ್ರೇಟ್ ಹೋಗಿ ನೋಡಿದರೆ, ಹಾರ್ಡ್ ಡಿಸ್ಕಲ್ಲಿ ಜಾಗ ಧಾರಾಳವಾಗಿತ್ತು, ದೃಶ್ಯಗಳು ದಿನಾ ತಾನಾಗೇ ಅಳಿಸಿಹೋಗುವಂತೆ ಸೆಟ್ಟಿಂಗ್ ಇತ್ತು. (ನಮ್ಮ ಆಫೀಸಲ್ಲಿ ಯಾರಾದರೂ ಸರ್ವರ್ ಲಾಗ್‌ಗೆ ಹೀಗೆ ಮಾಡಿದ್ದರೆ ಅದೇ ಸಂಜೆ ಐಡಿ ಕಾರ್ಡ್ ಕಿತ್ಕೊಳ್ತಿದ್ರು.) ಅದೇ ಡಿಸೆಂಬರಲ್ಲಿ, ಪಂಜಾಬಿನ ಇನ್ನೊಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಪ್ರತಿ ಠಾಣೆಗೂ ಆಡಿಯೋ ಸಹಿತ ಕ್ಯಾಮೆರಾ ಬೇಕು, ದೃಶ್ಯಗಳನ್ನು 18 ತಿಂಗಳು, ಏನಿಲ್ಲವೆಂದರೂ ಒಂದು ವರ್ಷ ಇಡಬೇಕು ಎಂದಿತು. ಒಳ್ಳೆಯದೇ. ಆದರೆ ಠಾಣೆಗೆ ಕಣ್ಣು ಬಂದರೆ ಸಾಲದು, ಪ್ರಶ್ನೋತ್ತರದ ಪೂರ್ತಿ ದಾಖಲೆ ಬೇಕು.

ಕ್ಯಾಮೆರಾ ಇಟ್ಟರೆ ಯಾರೂ ಬಾಯಿ ಬಿಡಲ್ಲ ಅನ್ನೋದು ಇಲಾಖೆಯ ಹಳೇ ವಾದ. ಇಂಗ್ಲೆಂಡಲ್ಲಿ 1984ರ ಕಾಯ್ದೆಯ ನಂತರ ಕ್ಯಾಸೆಟ್ ಕಾಲದಲ್ಲೇ ಇದನ್ನು ಜಾರಿ ಮಾಡಿದರು. ಒಂದು ಕ್ಯಾಸೆಟ್ಟನ್ನು ಶಂಕಿತನ ಕಣ್ಣೆದುರೇ ಸೀಲ್ ಮಾಡ್ತಿದ್ದರು. ಅಲ್ಲೇನು ಕಳ್ಳರೆಲ್ಲ ಪಾರಾಗಿಬಿಟ್ರಾ? ‘ಹೊಡೆದು ಹೇಳಿಸಿದರು’ ಎಂಬ ಸುಳ್ಳು ಆರೋಪದಿಂದ ನೆಟ್ಟಗಿರೋ ಇನ್‌ಸ್ಪೆಕ್ಟರನ್ನು ಕಾಪಾಡೋದೂ ಅದೇ ರೆಕಾರ್ಡಿಂಗ್.

‘ಮಾಡಬಹುದು’ ಎಂಬುದು ‘ಮಾಡಲೇಬೇಕು’ ಆಗಲಿ. ಮಾಡದಿದ್ದರೆ ಆ 23ನೇ ಸೆಕ್ಷನ್‌ನ ಹಿಂಬಾಗಿಲು ಮುಚ್ಚಲಿ: ಮೊದಲ ಪ್ರಶ್ನೆಯಿಂದ ಕೊನೆಯವರೆಗೆ ರೆಕಾರ್ಡಿಂಗ್ ಇಲ್ಲದ ಮಾತು ಸಾಕ್ಷ್ಯವಲ್ಲ. ಯಂತ್ರ ಕೆಟ್ಟಿತ್ತು, ಕರೆಂಟ್ ಹೋಗಿತ್ತು ಎಂಬ ನೆಪ ಬೇಡ. ಠಾಣೆ ಬಿಟ್ಟು ಲಾಡ್ಜಲ್ಲೋ ಜೀಪಲ್ಲೋ ಕೂರಿಸಿ ಕೇಳಿದ್ದಕ್ಕೂ ಇದೇ ನಿಯಮ.