ಹಳೆಯ ಯೆಜ್ಡಿಯ ಮುಂಗಾಲುಗಳು

ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳ ಹಿತ್ತಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ಹಳೆಯ ಜಾವಾ ಅಥವಾ ಯೆಜ್ಡಿ ಗಾಡಿ ಇಂದಿಗೂ ನಿಂತಿರುವುದುಂಟು. ತಂದೆಯವರೋ ಕಾಕಾನವರೋ ಕೊಂಡ ಆ ಗಾಡಿಯನ್ನು ಮನೆಯ ತರುಣರು ಹೊರತೆಗೆದು, ಟಾಕಿಗೆ ಬಣ್ಣ ಬಳಿಸಿ, ಸೈಲೆನ್ಸರುಗಳಿಗೆ ಹೊಳಪು ಕೊಡಿಸಿ, ಮತ್ತೆ ರಸ್ತೆಗಿಳಿಸುತ್ತಿದ್ದಾರೆ. ಹಿರಿಯರ ವಸ್ತುವಿನ ಮೇಲಿನ ಈ ಅಭಿಮಾನ ಮೆಚ್ಚತಕ್ಕದ್ದೇ. ಆದರೆ ಖರ್ಚಿನ ಕ್ರಮದಲ್ಲಿ ಒಂದು ವಿಪರ್ಯಾಸ ಕಾಣುತ್ತಿದೆ. ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿಯುವವರು, ಸವಾರನ ಪ್ರಾಣವನ್ನೇ ಹೊತ್ತಿರುವ ಮುಂದಿನ ಫೋರ್ಕನ್ನು ಒರೆಸಿ ಸುಮ್ಮನಾಗುತ್ತಾರೆ. ಈ ಸಲದ ಅಂಕಣವನ್ನು ಅದಕ್ಕೆ ಮೀಸಲಿಡುತ್ತೇನೆ. ಶಾಸ್ತ್ರ ಓದಿದವನಿಗೆ ಯಂತ್ರದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಪದಚ್ಛೇದ ಮಾಡದೆ ಅರ್ಥ ಹೇಳಬಾರದೆಂದು ಮಠದ ಪಾಠಶಾಲೆಯಲ್ಲಿ ಕಲಿತವನಿಗೆ, ಬಿಚ್ಚಿ ನೋಡದೆ ದುರಸ್ತಿ ಮಾಡುವ ಮಿಸ್ತ್ರಿಯನ್ನು ಕಂಡರೆ ಸಂಕಟವಾಗುತ್ತದೆ, ಅಷ್ಟೇ.

ಈ ಗಾಡಿಗಳು ನಮ್ಮ ನಾಡಿನವೇ. ರುಸ್ತುಂ ಇರಾನಿ ಹಾಗೂ ಫಾರೂಕ್ ಇರಾನಿಯವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯು ಮೈಸೂರಿನ ಯಾದವಗಿರಿಯಲ್ಲಿತ್ತು. ಚೆಕೊಸ್ಲೊವಾಕಿಯಾದ ಪರವಾನಗಿ ಪಡೆದು 1960ರ ದಶಕದ ಆರಂಭದಿಂದ ಅಲ್ಲಿ ಜಾವಾ ತಯಾರಾಯಿತು. 1973ರಿಂದ ಅದೇ ವಂಶದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಮತ್ತೊಂದು ಸಂಸ್ಥೆ ಜಾವಾ ಹೆಸರನ್ನು ಮರಳಿ ತಂದಿದೆಯಾದರೂ ಆ ಗಾಡಿಗಳ ರಚನೆಯೇ ಬೇರೆ. ಆದುದರಿಂದ ಹಳೆಯ ಫೋರ್ಕಿನ ಬಿಡಿಭಾಗಗಳನ್ನು ಹುಡುಕಬೇಕು, ಇಲ್ಲವೇ ಮಾಡಿಸಬೇಕು.

ಫೋರ್ಕಿನ ರಚನೆ ಸರಳ. ಎರಡು ಉಕ್ಕಿನ ಕೊಳವೆಗಳು ಮೇಲೆ 'ಟಿ'ಯಲ್ಲಿ ಬಿಗಿಯಾಗಿ ನಿಂತಿರುತ್ತವೆ. ಚಕ್ರವನ್ನು ಹಿಡಿದ ಕೆಳಗಿನ ಹೊರಕೊಳವೆಗಳು ಅವುಗಳ ಮೇಲೆ ಜಾರುತ್ತವೆ. ನಡುವೆ ಬುಶ್‌ಗಳು ಆಧಾರ. ಭಾರವನ್ನು ಸ್ಪ್ರಿಂಗು ಹೊರುತ್ತದೆ. ಆ ಸ್ಪ್ರಿಂಗಿನ ಕುಣಿತವನ್ನು, ಸಣ್ಣ ರಂಧ್ರಗಳಲ್ಲಿ ನುಸುಳುವ ಎಣ್ಣೆ ತಡೆಯುತ್ತದೆ. ಎಣ್ಣೆ ಸೋರಿ ಬತ್ತಿದರೆ ಸ್ಪ್ರಿಂಗೊಂದೇ ಉಳಿದು, ಗುಂಡಿಗೆ ಬಿದ್ದ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಚಕ್ರ ನೆಲ ಬಿಟ್ಟಷ್ಟು ಹೊತ್ತು ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಸೋರಿದ ಎಣ್ಣೆ ಕೆಳಗಿಳಿದು ಡ್ರಮ್ಮಿನೊಳಗಿನ ಬ್ರೇಕ್ ಶೂಗಳನ್ನು ನೆನೆಸಿದರಂತೂ ಇನ್ನೂ ಅಪಾಯ. ಕೊಳವೆಯ ಮೇಲೆ ಎಣ್ಣೆಯ ಗೆರೆ ಕಂಡ ಗಾಡಿಯನ್ನು ಮಕ್ಕಳ ಕೈಗೆ ಕೊಡಲಾಗದು.

ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಫೋರ್ಕಿನ ಕೆಳತುದಿಗಳನ್ನು ಹಿಡಿದು ಹಿಂದೆ ಮುಂದೆ ಜಗ್ಗಿರಿ. ಹ್ಯಾಂಡಲಿನ ಬುಡದಲ್ಲಿ ಟಕ್ಕೆಂದರೆ ಕೋನ್‌ಸೆಟ್ ಸಡಿಲಾಗಿದೆ. ಕೊಳವೆಗಳ ಕೂಡಿಕೆಯಲ್ಲಿ ಆಡಿದರೆ ಬುಶ್ ಸವೆದಿದೆ. ಅನಂತರ ಹ್ಯಾಂಡಲನ್ನು ಒಂದು ಬೆರಳಿನಿಂದ ಮೆಲ್ಲನೆ ತಿರುಗಿಸಿ ನೋಡಿರಿ. ನೇರದ ಸ್ಥಾನದಲ್ಲಿ ತುಸು ತಡೆದು ನಿಂತಂತಾದರೆ, ಗುಂಡುಗಳು ಬಟ್ಟಲಿನಲ್ಲಿ ಕುಳಿ ಕೊರೆದಿವೆ ಎಂದರ್ಥ. ಅಂಥದನ್ನು ಗ್ರೀಸು ತುಂಬಿ ಮುಚ್ಚಿಡುವುದು ವ್ಯರ್ಥ. ಬಟ್ಟಲು, ಕೋನ್, ಗುಂಡು ಮೂರನ್ನೂ ಬದಲಿಸಬೇಕು.

ಬಿಚ್ಚಿದ ಕೊಳವೆಯ ವಿಷಯವನ್ನು ಸ್ವಲ್ಪ ವಿಸ್ತರಿಸಲೇಬೇಕು. ಹೆಚ್ಚಿನ ಅನರ್ಥ ಇಲ್ಲಿಯೇ ನಡೆಯುತ್ತದೆ. ಹಿಂದೆಂದೋ ಬಿದ್ದೆದ್ದ ಗಾಡಿಯ ಕೊಳವೆ ಕಣ್ಣಿಗೆ ಕಾಣದಷ್ಟು ಬಾಗಿರಬಹುದು. ಸಪಾಟಾದ ದಪ್ಪ ಗಾಜಿನ ಮೇಲೆ ಉರುಳಿಸಿದರೆ ಬಾಗು ತಿಳಿಯುತ್ತದೆ. ಲೇತ್ ಅಂಗಡಿಯಲ್ಲಿ ಡಯಲ್ ಗೇಜ್ ಇದ್ದರೆ ಅದರ ಅಳತೆಯೂ ಸಿಗುತ್ತದೆ. ಅಲ್ಪಸ್ವಲ್ಪ ಬಾಗನ್ನು ಪ್ರೆಸ್ಸಿನಲ್ಲಿ ತಣ್ಣಗಿರುವಾಗಲೇ ನೆಟ್ಟಗೆ ಮಾಡಬಹುದು. ಮಡಿಕೆ ಬಿದ್ದಿದ್ದರೆ ಆ ಕೊಳವೆಯನ್ನು ಗುಜರಿಗೆ ಹಾಕತಕ್ಕದ್ದು. ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಸುತ್ತಿಗೆಯಿಂದ ನೇರ ಮಾಡುವ ಮಿಸ್ತ್ರಿಯ ಹತ್ತಿರ ಹೋಗಲೇಬೇಡಿರಿ. ಕಾಯಿಸಿದ ಜಾಗದಲ್ಲಿ ಉಕ್ಕು ತನ್ನ ಕಸುವನ್ನು ಕಳೆದುಕೊಳ್ಳುತ್ತದೆ. ಮುಂದಿನ ಗುಂಡಿಯಲ್ಲಿ ಅಲ್ಲಿಯೇ ಬಾಗುತ್ತದೆ.

ಇನ್ನು ತುಕ್ಕು. ಸೀಲು ಉಜ್ಜುವ ಭಾಗದಲ್ಲಿ ತುಕ್ಕಿನ ಚುಕ್ಕೆಗಳಿದ್ದರೆ ಎಷ್ಟು ಹೊಸ ಆಯಿಲ್ ಸೀಲ್ ಹಾಕಿದರೂ ಅದು ಕೆಲವು ದಿನಗಳಲ್ಲೇ ಹರಿಯುತ್ತದೆ. ಆಗ ಅನೇಕರು ಕೊಳವೆಯನ್ನು ಸೈಲೆನ್ಸರಿನೊಂದಿಗೆ ಹೊಳಪಿನ ಕ್ರೋಮಿಗೆ ಕೊಡುತ್ತಾರೆ. ಆ ಕ್ರೋಮಿನ ಪದರು ಅತಿ ತೆಳು, ಕೇವಲ ಅಂದಕ್ಕೆ. ಫೋರ್ಕಿಗೆ ಬೇಕಾದದ್ದು ಹಾರ್ಡ್ ಕ್ರೋಮ್: ಹಳೆಯ ಪದರನ್ನು ತೆಗೆದು, ಕೊಳವೆಯನ್ನು ಸಾಣೆ ಹಿಡಿದು, ದಪ್ಪ ಪದರು ಏರಿಸಿ, ಮತ್ತೆ ಮೂಲ ಅಳತೆಗೆ ಸಾಣೆ ಹಿಡಿಯುವ ಕೆಲಸ. ಹೈಡ್ರಾಲಿಕ್ ಯಂತ್ರಗಳ ದಂಡಗಳಿಗೂ ಇದೇ ಸಂಸ್ಕಾರ ನಡೆಯುವುದರಿಂದ, ಆ ಉದ್ಯಮ ಬೇರೂರಿರುವ ಬೆಳಗಾವಿಯ ಉದ್ಯಮಬಾಗದ ಕಡೆ ವಿಚಾರಿಸುವುದು ಲೇಸು. ಬುಶ್‌ಗಳಿಗಾದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಗೋಕುಲ ರಸ್ತೆಯ ಲೇತ್ ಅಂಗಡಿಗಳಿರುವ ನಮ್ಮ ಊರಿನಲ್ಲಿ ಒಳ್ಳೆಯ ಕಂಚಿನ ಬುಶ್ ಕಡೆಯುವ ಕೈಗಳಿಗೆ ಬರವಿಲ್ಲ. ಕೊಳವೆಯ ಕ್ರೋಮು ಮುಗಿದು ಬಂದ ಮೇಲೆಯೇ ಬುಶ್ ಕಡೆಸಬೇಕೆಂಬುದನ್ನು ಮಾತ್ರ ನೆನಪಿಡಿರಿ; ಮೊದಲೇ ಕಡೆಸಿದರೆ ಅಳತೆ ಕೂಡಿಬರದು.

ಜೋಡಣೆಯಲ್ಲಿ ಅವಸರ ಸಲ್ಲದು. ಸೀಲಿನ ತುಟಿಗೆ ಎಣ್ಣೆ ಸವರಿ, ಕೊಳವೆಯ ಚೂಪು ಅಂಚಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ಇಳಿಸಬೇಕು. ಸ್ಕ್ರೂಡ್ರೈವರಿನಿಂದ ಕುಟ್ಟದೆ, ಸರಿ ಅಳತೆಯ ಪೈಪಿನ ತುಂಡಿನಿಂದ ಸಮನಾಗಿ ಒತ್ತಬೇಕು. ಎಣ್ಣೆ ಎಷ್ಟೆಂಬುದಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ. ಅಂದಾಜಿನಿಂದ ಸುರಿಯದೆ, ಗೆರೆಯಿರುವ ಅಳತೆಯ ಪಾತ್ರೆಯಿಂದ ಎರಡೂ ಕಾಲಿಗೆ ಸಮನಾಗಿ ಹಾಕಬೇಕು. ಎಂಜಿನ್ನಿಗೆ ತಂದ ಎಣ್ಣೆ ಉಳಿದಿದೆಯೆಂದು ಅದನ್ನೇ ತುಂಬುವ ಮಿತವ್ಯಯ ಬೇಡ.

ಸುಧಾರಣೆಯ ಮಾತು. ನಮ್ಮ ಎರೆಮಣ್ಣಿನ ಧೂಳು ಸೀಲಿನ ಪರಮಶತ್ರು. ಆದ್ದರಿಂದ ಕೊಳವೆಗೆ ರಬ್ಬರಿನ ಮಡಿಕೆಗವಸು ತೊಡಿಸುವುದು ಅಗ್ಗದ, ಅತ್ಯುತ್ತಮ ಸುಧಾರಣೆ. ಬಿಡಿಗುಂಡುಗಳ ಬದಲು ಅಳತೆಗೆ ಹೊಂದುವ ಟೇಪರ್ ರೋಲರ್ ಬೇರಿಂಗ್ ಸಿಕ್ಕರೆ ಹಾಕಿಸಬಹುದು. ಭಾರವು ಬಿಂದುವಿಗೆ ಬದಲಾಗಿ ಗೆರೆಯುದ್ದಕ್ಕೂ ಹರಡುವುದರಿಂದ ಬಟ್ಟಲಿನಲ್ಲಿ ಕುಳಿ ಬೇಗ ಬೀಳದು. ಆದರೆ ಅತಿಯಾಗಿ ಬಿಗಿದರೆ ಹ್ಯಾಂಡಲು ಜಡವಾಗಿ ಗಾಡಿ ಹಾವಿನಂತೆ ಹೊಯ್ದಾಡುತ್ತದೆ. ಇದಕ್ಕಿಂತ ಮುಂದೆ ಹೋಗಿ, ಹೊಸ ಗಾಡಿಯ ಫೋರ್ಕನ್ನೇ ಡಿಸ್ಕ್ ಬ್ರೇಕಿನೊಂದಿಗೆ ಕೂರಿಸುವ ಹುಚ್ಚು ಈಗ ಹಬ್ಬಿದೆ. ನನಗದು ಸರಿತೋರದು. ಫೋರ್ಕಿನ ಉದ್ದ ಬದಲಾದರೆ ಅದರ ವಾಲಿಕೆಯೂ ಬದಲಾಗಿ ಗಾಡಿಯ ನಡೆ ಕೆಡುತ್ತದೆ. ಕಾನೂನಿನ ತೊಡಕೂ ಉಂಟು: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸಿದೆ. 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ನೋಂದಣಿ ದೊರೆಯುತ್ತದೆ. ಅದನ್ನು ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದೂ ತಿಳಿದಿರಲಿ. ಹಳೆಯ ಜಾವಾ ಉಳ್ಳವರು ಗಾಡಿಗೆ ಕೊಯ್ತ ಹಾಕಿಸುವ ಮೊದಲು ಇದನ್ನು ಯೋಚಿಸಬೇಕು.

ಎಲ್ಲವೂ ಕೂಡಿದ ಮೇಲೆ, ಅಚ್ಚಿನ ಬಿಗಿತವನ್ನು ಕೊನೆಗೆ ಇಟ್ಟುಕೊಳ್ಳಿರಿ. ಮುಂದಿನ ಬ್ರೇಕು ಹಿಡಿದು ನಾಲ್ಕಾರು ಸಲ ಫೋರ್ಕನ್ನು ಅದುಮಿ ಬಿಟ್ಟರೆ ಎರಡೂ ಕಾಲುಗಳು ತಮ್ಮ ಸಮಾಂತರವನ್ನು ತಾವೇ ಕಂಡುಕೊಳ್ಳುತ್ತವೆ, ಆಮೇಲೆ ಬಿಗಿಯಿರಿ. ಮೊದಲ ಓಟವನ್ನು ಧಾರವಾಡದ ಹೆದ್ದಾರಿಯಲ್ಲಿ ಮಾಡದೆ ಓಣಿಯಲ್ಲಿಯೇ ನಿಧಾನವಾಗಿ ಮಾಡಿ, ಕೊಳವೆಗಳನ್ನು ಬಿಳಿಯ ಅರಿವೆಯಿಂದ ಒರೆಸಿ ನೋಡಿರಿ. ನಾಲ್ಕಾರು ದಿನ ಓಡಿಸಿದ ಮೇಲೆ ಕೋನ್‌ಸೆಟ್ಟಿನ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಿರಿ. ಹೊಸ ಬಟ್ಟಲುಗಳು ಕೂತ ಮೇಲೆ ತುಸು ಸಡಿಲಾಗುವುದು ಸಹಜ.