ಹವ್ಯಾಸಿ ಯಾರು, ವಿಲಾಸಿ ಯಾರು?

ಪ್ರಶ್ನೆ: ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಆಮಂತ್ರಣದಲ್ಲಿ ‘ಹವ್ಯಾಸಿ ನಾಟಕ’ ಎಂದು ಅಚ್ಚಾಗಿದೆ. ನಮ್ಮ ತಾತ ಅದನ್ನು ಓದಿ, ‘ವಿಲಾಸಿ ನಾಟಕ’ ಎನ್ನಬೇಕು ಎಂದರು. ಅಪ್ಪ, ‘ಹವ್ಯಾಸ ಅಂದ ಮೇಲೆ ಪರೀಕ್ಷೆ ಮುಗಿದ ಮೇಲೆ ಇಟ್ಟುಕೋ’ ಎಂದರು. ಯಾರ ಮಾತು ಸರಿ? (ಪಿ.ಯು. ವಿದ್ಯಾರ್ಥಿನಿ)

ಉತ್ತರ: ನಿಮ್ಮ ತಾತ ಹೇಳಿದ ಪದ ತಪ್ಪಲ್ಲ, ಹಳೆಯದು. ಕಂಪನಿ ನಾಟಕದವರಲ್ಲದೆ ಬೇರೆಯವರೂ ನಾಟಕವಾಡಲು ತೊಡಗಿದಾಗ ಅವರನ್ನು ಏನೆಂದು ಕರೆಯುವುದು ಎಂಬ ಪ್ರಶ್ನೆ ಬಂತು. ‘ವಿಲಾಸಿ’ ಎಂಬುದು ಆಗ ಬಳಕೆಗೆ ಬಂದ ಪದ. ಹಳೆಯ ಬರಹಗಳಲ್ಲಿ ವಿಲಾಸಿ ನಟರು, ವಿಲಾಸಿ ಸಂಘಗಳು, ವಿಲಾಸಿ ರಂಗಭೂಮಿ ಎಂಬ ಮಾತುಗಳು ಸಿಗುತ್ತವೆ. ಸಂಸ್ಕೃತದ ‘ಲಸ್’ ಧಾತುವಿಗೆ ಹೊಳೆಯುವುದು, ಆಡುವುದು ಎಂಬ ಅರ್ಥಗಳಿವೆ. ಸಂತೋಷಕ್ಕಾಗಿ ಆಡುವವನು ವಿಲಾಸಿ. ಪದ ಸೊಗಸಾಗಿಯೇ ಇದೆ. ಆದರೆ ವಿಲಾಸಿ ಎಂದ ಕೂಡಲೇ ಅತ್ತರು ಪೂಸಿಕೊಂಡು ದುಡ್ಡು ಹಾರಿಸುವವನ ಚಿತ್ರವೂ ಕಣ್ಣಮುಂದೆ ಬರುತ್ತದಲ್ಲ! ಅದಕ್ಕಿಂತ ದೊಡ್ಡ ತೊಡಕು ಸ್ತ್ರೀಲಿಂಗದಲ್ಲಿದೆ. ನಾಟಕವಾಡುವ ಹೆಣ್ಣುಮಗಳನ್ನು ‘ವಿಲಾಸಿನಿ’ ಎಂದು ಕರೆದರೆ ಮನೆಯವರು ಒಪ್ಪಿಯಾರೇ? ಹೆಂಗಸರು ರಂಗಕ್ಕೆ ಬಂದಂತೆಲ್ಲ ಆ ಪದ ಹಿಂದೆ ಸರಿದಿರಬೇಕು ಎಂಬುದು ನನ್ನ ಊಹೆ. ‘ಹವ್ಯಾಸಿ’ಗೆ ಆ ಕಷ್ಟವಿಲ್ಲ. ಅವನೂ ಹವ್ಯಾಸಿ, ಅವಳೂ ಹವ್ಯಾಸಿ. (ಹೋಮಕ್ಕೆ ಅರ್ಪಿಸುವ ‘ಹವ್ಯ’ಕ್ಕೂ ಇದಕ್ಕೂ ನಂಟು ಹುಡುಕಬೇಡಿ.)

ಎರಡೂ ಪದಗಳು ಇಂಗ್ಲಿಷಿನ ‘ಅಮೆಚೂರ್’ ಎಂಬುದಕ್ಕೆ ಕನ್ನಡ ಕೊಟ್ಟ ಉತ್ತರಗಳು. ಆ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಅದರ ಬೇರು ಲ್ಯಾಟಿನ್ನಿನಲ್ಲಿದೆ, ಅರ್ಥ ‘ಪ್ರೀತಿಸುವವನು’. ಹಣಕ್ಕಲ್ಲದೆ ಪ್ರೀತಿಗಾಗಿ ಮಾಡುವವನು ಎಂದು ತಾತ್ಪರ್ಯ. ನಮ್ಮ ನೆರೆಯವರೂ ಹೀಗೆಯೇ ಹುಡುಕಿದ್ದಾರೆ. ಮರಾಠಿಯವರು ‘ಹೌಶಿ’ ರಂಗಭೂಮಿ ಎನ್ನುತ್ತಾರೆ. ನಮ್ಮ ‘ಹವ್ಯಾಸ’ವನ್ನು ಅವರ ಮುಂದೆ ಆಡುವಾಗ ಎಚ್ಚರವಿರಲಿ, ಅವರಲ್ಲಿ ಆ ಪದಕ್ಕೆ ಅತಿಯಾಸೆ ಎಂಬ ಅರ್ಥವಿದೆ. ಹಿಂದಿಯಲ್ಲಿ ‘ಶೌಕಿಯಾ’ ಎನ್ನುವುದುಂಟು. ಅದರ ಹಿಂದಿರುವ ‘ಶೌಕ್’ ನಮ್ಮಲ್ಲಿಗೆ ಬಂದು ‘ಶೋಕಿ’ಯಾಯಿತು, ಮರ್ಯಾದೆ ಕಳೆದುಕೊಂಡಿತು. ‘ಶೋಕಿಗೆ ನಾಟಕ ಆಡ್ತಾನೆ’ ಎಂದರೆ ಹೊಗಳಿಕೆಯಲ್ಲ.

ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಸಂಘ ಈ ಗೋಜೇ ಬೇಡವೆಂಬಂತೆ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿತು: ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್. ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದ ಮೂರು ಅಕ್ಷರಗಳು ಇವೇ. ಆಗ ಕನ್ನಡ ನಾಟಕವೆಂದರೆ ಕಂಪನಿ ನಾಟಕ. ಪುರಾಣದ ಕಥೆ, ಹಾಡಿನ ಮೇಲೆ ಹಾಡು, ಬಣ್ಣದ ಪರದೆ. ಟಿ.ಪಿ. ಕೈಲಾಸಂ ಅವರು ‘ಟೊಳ್ಳುಗಟ್ಟಿ’ಯಲ್ಲಿ ಮನೆಯ ಪಡಸಾಲೆಯನ್ನೇ ರಂಗಕ್ಕೆ ತಂದರು, ಪಾತ್ರಗಳಿಗೆ ಇಂಗ್ಲಿಷ್ ಬೆರೆತ ಮನೆಮಾತು ಕೊಟ್ಟರು. ಅದರಲ್ಲಿ ಪ್ರಶ್ನೆಗೆ ಸಿಕ್ಕಿರುವುದು ಪರೀಕ್ಷೆಯ ಅಂಕವೇ ಎಂಬುದನ್ನು ನಿಮ್ಮ ತಂದೆಯವರಿಗೆ ಹೇಳಬಹುದು. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿದವರು, ಸರ್ಕಾರಿ ನೌಕರಿ ಮಾಡಿದವರು. ಧಾರವಾಡದ ಶ್ರೀರಂಗರು ಸಂಸ್ಕೃತ ಪ್ರಾಧ್ಯಾಪಕರು. ಬಳ್ಳಾರಿ ರಾಘವರು ವಕೀಲರು. ಗಿರೀಶ ಕಾರ್ನಾಡರ ‘ತುಘಲಕ್’ 1964ರಲ್ಲಿ ಬಂದಾಗ ಅವರು ಮದರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರ ಉದ್ಯೋಗಿ. ಇವರಲ್ಲಿ ಯಾರ ಕೆಲಸವನ್ನು ‘ಬಿಡುವಿನ ವೇಳೆಯದು’ ಎಂದು ತಳ್ಳಿಹಾಕಲಾದೀತು?

ನಿಘಂಟು ನೋಡಿದರೆ ಹವ್ಯಾಸಿ ಎಂದರೆ ಸಂಬಳವಿಲ್ಲದೆ ಮಾಡುವವನು, ವೃತ್ತಿಪರ ಎಂದರೆ ಸಂಬಳಕ್ಕೆ ಮಾಡುವವನು. ರಂಗಭೂಮಿಯ ಮಾತಿನಲ್ಲಿ ಲೆಕ್ಕ ಅಷ್ಟು ಸರಳವಿಲ್ಲ. ‘ವೃತ್ತಿ ರಂಗಭೂಮಿ’ ಎಂದರೆ ನಮ್ಮ ಕಿವಿಗೆ ಕೇಳುವುದು ಗುಬ್ಬಿ ಕಂಪನಿಯ ಹಾಗೆ ಊರೂರು ತಿರುಗಿ, ಟಿಕೆಟ್ ಮಾರಿ, ರಾತ್ರಿಯೆಲ್ಲ ಆಡುತ್ತಿದ್ದ ಒಂದು ಪದ್ಧತಿ. ‘ಹವ್ಯಾಸಿ’ ಎಂದರೆ ಕೈಲಾಸಂ ಕಡೆಯಿಂದ ಬಂದ ಇನ್ನೊಂದು ಪದ್ಧತಿ. ಈ ಪದಗಳು ಹಣಕ್ಕಿಂತ ಹೆಚ್ಚಾಗಿ ಶೈಲಿಯನ್ನು ಹೇಳುತ್ತವೆ. ಮೈಸೂರಿನ ರಂಗಾಯಣ 1989ರಲ್ಲಿ ಹುಟ್ಟಿದ್ದೇ ಸಂಬಳ ಪಡೆಯುವ ಕಲಾವಿದರ ಸರ್ಕಾರಿ ರಂಗಸಂಸ್ಥೆಯಾಗಿ. ಆದರೂ ಅದನ್ನು ಯಾರೂ ವೃತ್ತಿ ರಂಗಭೂಮಿ ಎನ್ನುವುದಿಲ್ಲ. ಹೆಗ್ಗೋಡಿನ ನೀನಾಸಂ 1949ರಲ್ಲಿ ಹಳ್ಳಿಯವರ ಸಂಘವಾಗಿ ಶುರುವಾಗಿ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವನ್ನೂ ಆರಂಭಿಸಿತು. ಅದನ್ನು ಯಾವ ಖಾನೆಗೆ ಹಾಕುತ್ತೀರಿ?

ಇದಕ್ಕಿಂತ ಸ್ವಾರಸ್ಯದ ಉದಾಹರಣೆ ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿದೆ. ‘ಕುರುಕ್ಷೇತ್ರ’ ಆಡಬೇಕೆಂದು ಊರಿನ ರೈತರು, ಅಂಗಡಿಯವರು, ಮೇಷ್ಟ್ರುಗಳು ಸೇರುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ ತಿಂಗಳುಗಟ್ಟಲೆ ಅಭ್ಯಾಸ ನಡೆಸುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಪಾರ್ಟು ಮಾಡುವವರಿಗೆ ಸಂಬಳವಿರಲಿ, ಅವರೇ ಕೈಯಿಂದ ಹಣ ಕಟ್ಟುತ್ತಾರೆ. ದುರ್ಯೋಧನನ ಪಾರ್ಟಿಗೆ ಚಿಕ್ಕ ಪಾರ್ಟಿಗಿಂತ ಹೆಚ್ಚು. ‘ಪ್ರೀತಿಗಾಗಿ ಮಾಡುವವನು’ ಎಂಬ ಮೂಲಾರ್ಥಕ್ಕೆ ಇವರಿಗಿಂತ ತಕ್ಕವರು ಬೇಕೇ? ಆದರೂ ಆಡುವ ಶೈಲಿ ಕಂಪನಿಯದಾದ್ದರಿಂದ ಇವರಿಗೆ ಹವ್ಯಾಸಿಗಳೆಂಬ ಹೆಸರು ಸಲ್ಲುತ್ತಿಲ್ಲ. ‘ಹವ್ಯಾಸಿ’ ಪೇಟೆಯ ಪದವಾಗಿಯೇ ಉಳಿಯಿತು. ಇದು ನನಗೆ ಅಷ್ಟೇನೂ ನ್ಯಾಯವಾಗಿ ತೋರುವುದಿಲ್ಲ.

ಇನ್ನು ಬಳಕೆಯ ಮಾತು. ಹವ್ಯಾಸಿ ಎಂಬುದು ವ್ಯಕ್ತಿಯನ್ನು ಹೇಳುವ ಪದ. ಆದ್ದರಿಂದ ಹವ್ಯಾಸಿ ನಟ, ಹವ್ಯಾಸಿ ತಂಡ ಸರಿ. ನಾಟಕಕ್ಕೆ ತಾನೇ ಹವ್ಯಾಸವಿರುವುದಿಲ್ಲವಾಗಿ ‘ಹವ್ಯಾಸಿಗಳ ನಾಟಕ’ ಎಂದರೆ ಮೇಲು. ಹಾಗೆಂದು ರೂಢಿಯಲ್ಲಿ ನಿಂತಿರುವ ‘ಹವ್ಯಾಸಿ ರಂಗಭೂಮಿ’ಯನ್ನು ತಿದ್ದಲು ಹೊರಡಬೇಕಿಲ್ಲ. ಅನುವಾದ ಮಾಡುವಾಗ ಇಂಗ್ಲಿಷಿನ ‘ಅಮೆಚೂರಿಷ್’ ಎಂಬುದಕ್ಕೆ ಹವ್ಯಾಸಿ ಎಂದು ಬರೆಯಬೇಡಿ, ಅದು ಬೈಗುಳ. ‘ಎಳಸು’ ಎಂದರೆ ಸರಿಹೋಗುತ್ತದೆ. ಯಾವುದೇ ಪತ್ರಿಕೆಯ ನೌಕರನಾಗದೆ ಸಂಭಾವನೆಗೆ ಬರೆಯುವವರನ್ನು ‘ಹವ್ಯಾಸಿ ಪತ್ರಕರ್ತ’ ಎನ್ನುವುದೂ ಉಂಟು. ಅವರ ಮನೆ ನಡೆಯುವುದೇ ಅದರಿಂದ, ‘ಸ್ವತಂತ್ರ ಪತ್ರಕರ್ತ’ ಎನ್ನಿ.

ನಿಮ್ಮ ತಂದೆಯವರ ಮಾತು ವ್ಯಾಕರಣಕ್ಕೆ ಸೇರಿದ್ದಲ್ಲ. ಆದರೆ ‘ಹವ್ಯಾಸ’ಕ್ಕೂ ‘ಹವ್ಯಾಸಿ ನಾಟಕ’ಕ್ಕೂ ಒಂದು ವ್ಯತ್ಯಾಸವಿದೆ. ಅಂಚೆಚೀಟಿ ಸಂಗ್ರಹವನ್ನು ಎರಡು ತಿಂಗಳು ಮುಚ್ಚಿಟ್ಟರೆ ಯಾರಿಗೂ ನಷ್ಟವಿಲ್ಲ. ನಾಟಕದಲ್ಲಿ ಒಬ್ಬರು ಬರದಿದ್ದರೆ ಎದುರು ನಿಂತವರು ಯಾರಿಗೆ ಮಾತು ಹೇಳಬೇಕು? ಪಾತ್ರ ಒಪ್ಪಿಕೊಳ್ಳುವ ಮುಂಚೆಯೇ ಅಭ್ಯಾಸದ ದಿನಗಳನ್ನೂ ಪರೀಕ್ಷೆಯ ವೇಳಾಪಟ್ಟಿಯನ್ನೂ ಅವರ ಮುಂದಿಟ್ಟು ಕೇಳಿ.