ತುಟಿಯ ಹೊಲಿಗೆಯೂ ನುಡಿಯ ಕಲಿಕೆಯೂ

ಸೀಳುದುಟಿ, ಸೀಳು ಅಂಗುಳಗಳೊಡನೆ ಜನಿಸಿದ ಮಗುವಿಗೆ ಶಸ್ತ್ರಚಿಕಿತ್ಸೆಯು ಮುಖವನ್ನು ತಿದ್ದಿಕೊಡುತ್ತದೆ. ನುಡಿಯನ್ನು ತಿದ್ದುವುದು ಅನಂತರದ ಅಭ್ಯಾಸ. 1982ರಲ್ಲಿ ಫಿಲಿಪ್ಪೀನ್ಸಿನ ನಾಗಾ ನಗರಕ್ಕೆ ಹೋದ ಅಮೆರಿಕದ ವೈದ್ಯ ವಿಲಿಯಂ ಮೆಗೀ ಹಾಗೂ ಅವರ ಪತ್ನಿ ಕ್ಯಾಥ್ಲೀನ್ ಅವರು, ಚಿಕಿತ್ಸೆ ದೊರೆಯದೆ ಹಿಂದಿರುಗಿದ ನೂರಾರು ಮಕ್ಕಳನ್ನು ಕಂಡು ಮರುಗಿ ‘ಆಪರೇಷನ್ ಸ್ಮೈಲ್’ ಸಂಸ್ಥೆಯನ್ನು ಕಟ್ಟಿದರು. ಅಂಥ ಸ್ವಯಂಸೇವಕರ ದಯೆ ವಂದನೀಯವೇ ಸರಿ. ಆದರೆ ಶಿಬಿರವು ಕೆಲವೇ ದಿನಗಳದು. ನುಡಿಯ ಕಲಿಕೆ ತಿಂಗಳು, ವರುಷಗಳದು.

ಅಂಗುಳ ಸೀಳಿದ್ದರೆ ಉಸಿರು ಮೂಗಿಗೆ ಸೋರಿ, ಪಕಾರ ಬಕಾರಗಳು ಬಲಗುಂದಿ ಮಕಾರದಂತೆ ಕೇಳಿಸುವುವು. ಸೀಳನ್ನು ಮುಚ್ಚಿದರೂ ರೂಢಿಯಾದ ತಪ್ಪುಚ್ಚಾರಣೆ ತಾನಾಗಿ ತೊಲಗದು. ಅದನ್ನು ತಿದ್ದುವವರು ಮಗುವಿನ ಮನೆಮಾತನ್ನು ಬಲ್ಲವರಾಗಿರಬೇಕು; ಕನ್ನಡದ ವರ್ಣಗಳನ್ನು ಪರದೇಶದ ತಜ್ಞನು ಒಂದು ವಾರದಲ್ಲಿ ಕಲಿಸಲಾರನು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದಲೂ ನಮ್ಮಲ್ಲಿಯೇ ವಾಕ್‌ತಜ್ಞರನ್ನು ಸಿದ್ಧಗೊಳಿಸುತ್ತಿದೆ.

ಆದುದರಿಂದ ದಾನಿಗಳು ಶಸ್ತ್ರಚಿಕಿತ್ಸೆಗೆ ನೀಡುವಷ್ಟೇ ಉದಾರವಾಗಿ ವಾಕ್‌ಚಿಕಿತ್ಸೆಗೂ, ಅದಕ್ಕಾಗಿ ಮಗು ಮತ್ತೆ ಮತ್ತೆ ಮಾಡಬೇಕಾದ ಪ್ರಯಾಣದ ವೆಚ್ಚಕ್ಕೂ ನೀಡಬೇಕು. ಉಪಾಧ್ಯಾಯರು ಅಂಥ ಮಗುವನ್ನು ವಾಚನದಿಂದ ದೂರವಿರಿಸದೆ, ಸಹಪಾಠಿಗಳ ನಗೆಯನ್ನು ತಡೆದು, ತಾಳ್ಮೆಯಿಂದ ಆಲಿಸಬೇಕು. ಇದು ವೈದ್ಯರಿಂದಾಗದ, ಶಾಲೆಯಿಂದ ಮಾತ್ರವೇ ಆಗಬಹುದಾದ ಸೇವೆ.